256 ಪರಮಾಣುಗಳ ಸಾಕ್ಷ್ಯ

ಸಾಲಾಗಿ ನಿಂತ ಸ್ಪಿನ್‌ಗಳಲ್ಲಿ ಅವಸ್ಥಾಂತರವಿಲ್ಲವೆಂದು 1925ರಲ್ಲಿ ತೋರಿಸಿದ ಈಸಿಂಗ್, ಅದೇ ತೀರ್ಪನ್ನು ಮೂರು ಆಯಾಮಗಳಿಗೂ ವಿಸ್ತರಿಸಿದನು. ಮೊದಲನೆಯದು ಸರಿ; ಎರಡನೆಯದು ತಪ್ಪು. ಹಾರ್ವರ್ಡ್ ಮೊದಲಾದೆಡೆಯ ವಿಜ್ಞಾನಿಗಳು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದುವಾಗ ಈ ಪ್ರಮಾದವನ್ನು ನೆನೆಯುವುದು ಒಳಿತು.

ಬೆಳಕಿನ ಕಿರಣಗಳಿಂದ ಹಿಡಿದಿರಿಸಿದ 256 ರುಬಿಡಿಯಂ ಪರಮಾಣುಗಳು ಇಲ್ಲಿ ಸ್ಪಿನ್‌ಗಳ ಪಾತ್ರ ವಹಿಸುತ್ತವೆ. ಒಂದು ಉದ್ರೇಕಗೊಂಡರೆ ಅದರ ನೆರೆಯದು ಉದ್ರೇಕಗೊಳ್ಳಲಾರದು. ಲೇಸರನ್ನು ನಿಧಾನವಾಗಿ ಬದಲಿಸಿದಂತೆ ಚದುರಂಗದ ಹಾಸಿನಂತಹ ವ್ಯವಸ್ಥೆ ಮೂಡುತ್ತದೆ. ಕಾರಣ ಉಷ್ಣತೆಯಲ್ಲ, ಆದುದರಿಂದಲೇ ಇದು ಕ್ವಾಂಟಂ ಅವಸ್ಥಾಂತರ.

ಸ್ಥಿತಿಗಳ ಸಂಖ್ಯೆ ಎರಡರ 256ನೆಯ ಘಾತದಷ್ಟಿರುವುದರಿಂದ ಯಾವ ಗಣಕಯಂತ್ರಕ್ಕೂ ಇದು ನಿಲುಕದೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಎಲ್ಲವನ್ನೂ ಎಣಿಸದೆಯೇ ಉತ್ತರವನ್ನು ಸಮೀಪಿಸುವ ಗಣನವಿಧಾನಗಳುಂಟು; ಲೇಖಕರೇ ಅವುಗಳ ನೆರವು ಪಡೆದಿದ್ದಾರೆ. ಪ್ರಬಂಧದ ಬಲವಿರುವುದು ಬೇರೊಂದು ಸಣ್ಣ ಸಂಖ್ಯೆಯಲ್ಲಿ. ಸಂಧಿಬಿಂದುವಿನ ಬಳಿ ಪರಮಾಣುಗಳ ಪರಸ್ಪರ ಸಂಬಂಧ ಎಷ್ಟು ದೂರ ಹಬ್ಬುತ್ತದೆಂಬುದನ್ನು ಸೂಚಿಸುವ ಘಾತಾಂಕ ಪ್ರಯೋಗದಲ್ಲಿ 0.62 ಬಂದಿದೆ; ಸಿದ್ಧಾಂತದಂತೆ ಅದು ಸುಮಾರು 0.63. ಹೊಸ ಶಾಸನವೊಂದನ್ನು ನಾವು, ಕಾಲ ನಿಶ್ಚಿತವಾದ ಮತ್ತೊಂದರೊಡನೆ ತಾಳೆ ನೋಡಿದ ಮೇಲಲ್ಲವೆ ನಂಬುವುದು? ಆದರೆ ಬೇರೆ ಸಾಕ್ಷ್ಯವೇ ಇಲ್ಲದ ವಿನ್ಯಾಸಗಳಿಗೆ ಇದೇ ಉಪಕರಣವನ್ನು ಒಯ್ದಾಗ, ಚದುರಂಗದ ಹಾಸಿನಲ್ಲಿ ದೊರೆತ 0.62 ಅಲ್ಲಿಗೂ ಜಾಮೀನಾಗಲಾರದು.