ಯಾರಿಗೆ ಎಷ್ಟು ಗೊತ್ತಿತ್ತು?

ಅಂತರ್ಜಾಲದಲ್ಲಿ ಹುಟ್ಟಿದ ಪ್ರೇಮದ ಮಾತು ಬಂದರೆ ಸಿನಿಮಾಪ್ರಿಯರು ಮೊದಲು ಹೆಸರಿಸುವ ಚಿತ್ರಗಳಲ್ಲಿ ‘ಯೂವ್ ಗಾಟ್ ಮೇಲ್’ ಒಂದು. ನೋರಾ ಎಫ್ರಾನ್ ನಿರ್ದೇಶನದ ಈ ಚಿತ್ರ ತೆರೆಗೆ ಬಂದದ್ದು 1998ರಲ್ಲಿ. ಫೋನ್ ಲೈನಿಗೆ ಜೋಡಿಸಿದ ಮೋಡೆಮ್ಮಿನ ಕಿರುಚಾಟ ಇಂದಿನ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಆದರೆ ಮುಖ ಕಾಣದ ಒಬ್ಬರ ಮಾತಿಗಾಗಿ ರಾತ್ರಿ ಎಚ್ಚರವಿರುವ ಪುಳಕ ಯಾರಿಗೂ ಹೊಸತಲ್ಲ. ಆ ಪುಳಕವನ್ನು ಚಿತ್ರ ಚೆನ್ನಾಗಿಯೇ ಹಿಡಿದಿದೆ. ಹಾಗಿದ್ದೂ ಇದರ ಬಗ್ಗೆ ನನ್ನದೊಂದು ತಕರಾರಿದೆ.

ಕ್ಯಾಥ್ಲೀನ್ ನ್ಯೂಯಾರ್ಕಿನಲ್ಲಿ ಮಕ್ಕಳ ಪುಸ್ತಕದ ಪುಟ್ಟ ಅಂಗಡಿ ನಡೆಸುತ್ತಾಳೆ. ಅವಳ ಅಮ್ಮ ಕಟ್ಟಿದ ಅಂಗಡಿ. ಜೋ ಫಾಕ್ಸ್‌ನದು ದೊಡ್ಡ ದೊಡ್ಡ ಪುಸ್ತಕ ಮಳಿಗೆಗಳ ಮನೆತನ. ಅವನ ಹೊಸ ಮಳಿಗೆ ಅವಳ ಅಂಗಡಿಯ ಸಮೀಪವೇ ತೆರೆಯುತ್ತದೆ. ಎದುರಾದಾಗಲೆಲ್ಲ ಇಬ್ಬರಿಗೂ ಜಗಳ. ಅದೇ ಇಬ್ಬರು ಅಡ್ಡಹೆಸರಿನಲ್ಲಿ ಇಮೇಲ್ ಬರೆದುಕೊಳ್ಳುವ ಆಪ್ತರೂ ಹೌದು. ಖಾಸಗಿ ವಿವರ ಹೇಳುವಂತಿಲ್ಲ ಎಂಬುದು ಅವರ ಒಪ್ಪಂದ.

ಕಡೆಗೆ ಒಂದು ಕೆಫೆಯಲ್ಲಿ ಭೇಟಿ ಗೊತ್ತಾಗುತ್ತದೆ. ಗುರುತಿಗೆಂದು ಒಂದು ಪುಸ್ತಕ, ಒಂದು ಗುಲಾಬಿ ಇಟ್ಟುಕೊಂಡು ಅವಳು ಕಾಯುತ್ತಾಳೆ. ಜೋ ಹೊರಗಿನಿಂದಲೇ ಸಂಗತಿ ತಿಳಿದುಕೊಂಡು, ಜೋ ಫಾಕ್ಸ್ ಆಗಿಯೇ ಒಳಗೆ ಹೋಗಿ ಕೂರುತ್ತಾನೆ. ಬಂದವನು ತಾನೇ ಎಂದು ಹೇಳುವುದಿಲ್ಲ. ಅಲ್ಲಿಂದ ಮುಂದೆ ಅವನಿಗೆ ಎಲ್ಲ ಗೊತ್ತು, ಅವಳಿಗೆ ಏನೂ ಗೊತ್ತಿಲ್ಲ. ಬಾರದೆ ಹೋದದ್ದಕ್ಕೆ ಇಮೇಲಿನಲ್ಲಿ ಕ್ಷಮೆ ಕೇಳುತ್ತಾನೆ, ಕಾರಣ ಹೇಳುವುದಿಲ್ಲ. ಅವಳ ಅಂಗಡಿ ಮುಚ್ಚುತ್ತದೆ. ನೆಗಡಿಯಾಗಿ ಮಲಗಿದವಳ ಮನೆಗೆ ಹೂವು ಹಿಡಿದು ಹೋಗುತ್ತಾನೆ, ಗೆಳೆಯನಾಗುತ್ತಾನೆ, ಆ ಇಮೇಲಿನವನ ಸುದ್ದಿ ತೆಗೆದು ಕೀಟಲೆ ಮಾಡುತ್ತಾನೆ. ನಾವು ನಗುತ್ತೇವೆ. ಕೊನೆಗೆ ಪಾರ್ಕಿನಲ್ಲಿ ಅವನನ್ನು ಕಂಡು ಅವಳು ಕಣ್ಣೀರಿಟ್ಟು ಒಪ್ಪಿಕೊಳ್ಳುತ್ತಾಳೆ. ‘ನಿನಗೆ ಎಂದಿನಿಂದ ಗೊತ್ತಿತ್ತು?’ ಎಂದು ಕೇಳುವ ಮೊದಲೇ ಚಿತ್ರ ಮುಗಿಯುತ್ತದೆ.

ಕೆಫೆಯಲ್ಲಿ ಅವಳ ಮುಂದಿದ್ದ ಪುಸ್ತಕ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’. ಆ ಕಾದಂಬರಿಯಲ್ಲೂ ಒಂದು ಪತ್ರವಿದೆ. ಎಲಿಜಬೆತ್ ತಿರಸ್ಕರಿಸಿದ ಮೇಲೆ ಡಾರ್ಸಿ ತನಗೆ ಗೊತ್ತಿದ್ದದ್ದನ್ನು, ತಾನು ಮಾಡಿದ್ದನ್ನು ಬರೆದು ಅವಳ ಕೈಗೆ ಕೊಡುತ್ತಾನೆ. ನಿರ್ಧಾರ ಅವಳಿಗೆ ಬಿಡುತ್ತಾನೆ. ಅಲ್ಲಿ ಪತ್ರ ಬಿಚ್ಚಿಡುವ ಸಾಧನ. ಎಫ್ರಾನ್ ಚಿತ್ರದ ಉತ್ತರಾರ್ಧದಲ್ಲಿ ಅದು ಮುಚ್ಚಿಡುವ ಸಾಧನವಾಗುತ್ತದೆ.

ಈ ಗುಟ್ಟು ಮೂಲ ಕಥೆಯಲ್ಲೇ ಇತ್ತಲ್ಲ ಎನ್ನಬಹುದು. ನಿಜ. ಅರ್ನ್ಸ್ಟ್ ಲುಬಿಚ್ಚನ ‘ದ ಶಾಪ್ ಅರೌಂಡ್ ದ ಕಾರ್ನರ್’ (1940) ಚಿತ್ರದಲ್ಲೂ ನಾಯಕನಿಗೆ ಮೊದಲು ತಿಳಿಯುತ್ತದೆ, ಅವನೂ ಬಾಯಿ ಬಿಡುವುದಿಲ್ಲ. ಆದರೆ ಬುಡಾಪೆಸ್ಟಿನ ಆ ಅಂಗಡಿಯಲ್ಲಿ ಇಬ್ಬರೂ ಸಂಬಳಕ್ಕೆ ದುಡಿಯುವವರು. ಕೆಫೆಗೆ ಹೋದ ದಿನ ಕೆಲಸ ಕಳೆದುಕೊಂಡವನು ಅವನೇ. ಮುಂದೆ ಮ್ಯಾನೇಜರ್ ಆದರೂ ಅವಳ ಅನ್ನ ಕಿತ್ತುಕೊಂಡವನಲ್ಲ. ಎಫ್ರಾನ್ ಅಂಚೆಯನ್ನು ಇಮೇಲಾಗಿಸಿದರು, ಜೊತೆಗೇ ನಾಯಕನನ್ನು ಮಾಲೀಕನಾಗಿಸಿದರು. ಆಗ ಆ ಮೌನದ ತೂಕವೇ ಬದಲಾಯಿತು.

ಇದರ ಪಕ್ಕದಲ್ಲಿ ಅಗತ್ಯನ್ ನಿರ್ದೇಶನದ ತಮಿಳಿನ ‘ಕಾದಲ್ ಕೋಟ್ಟೈ’ (1996) ಇಟ್ಟು ನೋಡಬೇಕು. ಕನ್ನಡದಲ್ಲಿ ಅದು ರವಿಚಂದ್ರನ್ ಅಭಿನಯದ ‘ಯಾರೇ ನೀನು ಚೆಲುವೆ’ (1998) ಆಯಿತು. ತಮಿಳು ಚಿತ್ರದ ಸೂರ್ಯ ದೂರದ ಜೈಪುರದಲ್ಲಿ ಕೆಲಸಕ್ಕಿರುವವನು. ಕಮಲಿ ಕಳೆದುಕೊಂಡ ಸರ್ಟಿಫಿಕೇಟುಗಳನ್ನು ಅವಳಿಗೆ ಅಂಚೆಯಲ್ಲಿ ಕಳಿಸುತ್ತಾನೆ. ಮುಖ ನೋಡದೆಯೇ ಪತ್ರದಲ್ಲಿ ಪ್ರೀತಿ ಬೆಳೆಯುತ್ತದೆ. ಮುಂದೆ ಚೆನ್ನೈನಲ್ಲಿ ಅವನು ಓಡಿಸುವ ಆಟೋದಲ್ಲಿ ಅವಳೇ ಕೂರುತ್ತಾಳೆ, ಇಬ್ಬರಿಗೂ ಗೊತ್ತಾಗುವುದಿಲ್ಲ. ಕಾಕತಾಳೀಯ ಅತಿಯಾಯಿತು, ಕೊನೆಯ ರೈಲು ನಿಲ್ದಾಣದ ದೃಶ್ಯವನ್ನು ಎಳೆದಿದ್ದಾರೆ ಎಂದೆಲ್ಲ ದೂರಬಹುದು. ದೂರಿನಲ್ಲಿ ಹುರುಳೂ ಇದೆ. ಆದರೂ ಒಂದು ನ್ಯಾಯ ಆ ಚಿತ್ರದಲ್ಲಿದೆ: ಇಬ್ಬರ ಅಜ್ಞಾನವೂ ಸಮ. ಯಾರೂ ಯಾರನ್ನೂ ಕಿಟಕಿಯಿಂದ ನೋಡಿ ಸುಮ್ಮನಿದ್ದವರಲ್ಲ. ಹಾಗಾಗಿ ಗುರುತು ಸಿಕ್ಕ ಗಳಿಗೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಕ್ಷಮಿಸಬೇಕಾಗಿ ಬರುವುದಿಲ್ಲ.

ಆನ್‌ಲೈನ್ ಪ್ರೇಮದ ಬಗ್ಗೆ ನಾವು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಆ ಕಡೆ ಇರುವವರು ನಿಜವಾದವರೋ, ಸುಳ್ಳೋ? ಜೋ ಫಾಕ್ಸ್ ಬರೆದ ಇಮೇಲುಗಳು ನಿಜವಾದವೇ, ಅವನ ಪ್ರೀತಿಯೂ ನಿಜವೇ. ಅವನು ಬಚ್ಚಿಟ್ಟದ್ದು ತನಗೆ ಗೊತ್ತಿದೆ ಎಂಬುದನ್ನು. ಈಗ ಆ ಕೆಫೆ ಕಿಟಕಿ ಎಲ್ಲರ ಜೇಬಿನಲ್ಲೂ ಇದೆ. ಮೊದಲ ಭೇಟಿಗೆ ಮುಂಚೆಯೇ ಒಬ್ಬರ ಕಂಪನಿ, ಕಾಲೇಜು, ಹಳೆಯ ಫೋಟೋ ಎಲ್ಲವನ್ನೂ ಹುಡುಕಿ ನೋಡಿ, ಎದುರು ಕೂತಾಗ ‘ನೀವೇನು ಮಾಡ್ತೀರಿ?’ ಎಂದು ಕೇಳುವುದು ರೂಢಿಯಾಗಿದೆ. ಪರಿಚಯವಿಲ್ಲದ ಊರಿನಲ್ಲಿ ಹೆಣ್ಣೊಬ್ಬಳು ಎಚ್ಚರಿಕೆಗಾಗಿ ಹಾಗೆ ಮಾಡುವುದು ತಪ್ಪಲ್ಲ, ಅಗತ್ಯವೂ ಹೌದು. ಆದರೆ ಹುಡುಕಿ ನೋಡಿದೆ ಎಂದು ಹೇಳಿಬಿಡುವುದಕ್ಕೂ ಗೊತ್ತಿಲ್ಲದವರಂತೆ ನಟಿಸುವುದಕ್ಕೂ ಅಂತರವಿದೆ. ಪರಊರಿನ ಬಾಡಿಗೆ ಕೋಣೆಯಲ್ಲಿ ಕನ್ನಡದಲ್ಲಿ ಬಂದ ಒಂದು ಮೆಸೇಜಿಗೇ ಮನಸ್ಸು ಬಿಚ್ಚುವ ನಮ್ಮಂಥವರಿಗೆ ಆ ಅಂತರ ಸಣ್ಣದಲ್ಲ.

‘ಯೂವ್ ಗಾಟ್ ಮೇಲ್’ ನೋಡಬೇಡಿ ಎನ್ನಲಾರೆ. ಮೆಗ್ ರಯಾನ್ ಕೆಫೆಯಲ್ಲಿ ಬಾಗಿಲ ಕಡೆ ನೋಡುತ್ತ ಕಾಯುವ ರೀತಿಯೊಂದಕ್ಕೇ ಅದನ್ನು ನೋಡಬಹುದು. ನೋಡುವಾಗ, ಅವಳು ಯಾರಿಗಾಗಿ ಕಾಯುತ್ತಿದ್ದಾಳೋ ಅವನು ಆಗಲೇ ಎದುರಿಗೆ ಬಂದು ಕೂತಿದ್ದಾನೆ ಎಂಬುದನ್ನು ಮರೆಯದಿದ್ದರೆ ಸಾಕು.