ಹಾಲುತೊಂಡೆ ರೋಗದ ಬೆನ್ನುಹತ್ತಿದ ಹಸಿರು ಬೆಳಕು

ಹಾಲುತೊಂಡೆ ರೋಗ ಬಂದಿದೆಯೆಂದು ಮೈಸೂರು ಸೀಮೆಯ ರೇಷ್ಮೆ ಬೆಳೆಗಾರನಿಗೆ ಗೊತ್ತಾಗುವುದು ತಡವಾಗಿ. ಹುಳುವಿನ ಮೈ ಊದಿ ಹೊಳೆಯುತ್ತದೆ, ಮೇವು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಚರ್ಮ ಹರಿದರೆ ಹಾಲಿನಂಥ ದ್ರವ, ಅದರ ತುಂಬ ವೈರಸ್ಸಿನ ಹರಳುಗಳು. ಅಷ್ಟರಲ್ಲಿ ಸೋಂಕು ಪಕ್ಕದ ಹುಳುಗಳಿಗೂ ದಾಟಿರುತ್ತದೆ.

ಈ ವೈರಸ್ ಹುಳುವಿನೊಳಗೆ ಹಬ್ಬುವ ಬಗೆಯನ್ನು ಬೆಳಕಿನಲ್ಲೇ ಹಿಂಬಾಲಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಹಮಾನ್ ಮತ್ತು ಗೋಪಿನಾಥನ್. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವೈರಸ್ಸಿಗೆ ಜಿಎಫ್‌ಪಿ ಎಂಬ ಹಸಿರು ಹೊಳಪಿನ ಪ್ರೋಟೀನಿನ ಜೀನನ್ನು ಸೇರಿಸಲಾಗಿತ್ತು. 1962ರಲ್ಲಿ ಒಸಾಮು ಶಿಮೊಮುರಾ ಅಂಬಲಿಮೀನಿನಿಂದ ಬೇರ್ಪಡಿಸಿದ ಪ್ರೋಟೀನ್ ಇದು. 238 ಅಮೈನೊ ಆಮ್ಲಗಳ ಈ ಸರಪಳಿಯ ನಡುವಿನ ಮೂರು ಆಮ್ಲಗಳೇ ಸೇರಿ ಹೊಳೆಯುವ ಭಾಗವಾಗುತ್ತವೆ. ಅದಕ್ಕೆ ಆಮ್ಲಜನಕವೊಂದಿದ್ದರೆ ಸಾಕು, ಬಣ್ಣ ಹಾಕಬೇಕಿಲ್ಲ. 1995ರಲ್ಲಿ ರೋಜರ್ ಚೆನ್ ಒಂದೇ ಆಮ್ಲ ಬದಲಿಸಿ ಹೊಳಪನ್ನು ಹೆಚ್ಚಿಸಿದರು, ಅದು ಬೇಗ ಮೂಡುವಂತೆಯೂ ಮಾಡಿದರು. ಸತ್ತ ಹುಳುವನ್ನು ಕೊಯ್ದು ಊಹಿಸಬೇಕಿದ್ದುದನ್ನು ಅಂಗಾಂಶದಿಂದ ಅಂಗಾಂಶಕ್ಕೆ ಕಾಣಬಹುದಾದದ್ದು ಈ ವಿಧಾನದ ದೊಡ್ಡ ಗೆಲುವು. ನಮ್ಮ ನಾಡಿನ ಹುಳುವಿನ ರೋಗಕ್ಕೆ ಅದನ್ನು ತಂದದ್ದಂತೂ ನನಗೆ ಹೆಮ್ಮೆಯ ವಿಷಯ.

ಆದರೆ ಬೆಳಕು ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಕೇಳಲೇಬೇಕು. ಇಂಥ ವೈರಸ್‌ಗಳಲ್ಲಿ ಹೊಳಪಿನ ಜೀನನ್ನು ಸಾಮಾನ್ಯವಾಗಿ ಹರಳನ್ನು ಕಟ್ಟುವ ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಜೀನಿನ ಜಾಗದಲ್ಲಿ ಕೂರಿಸುತ್ತಾರೆ. ಆ ಜಾಗ ಚುರುಕಾಗುವುದು ಸೋಂಕಿನ ಕೊನೆಯ ಹಂತದಲ್ಲಿ. ಹಾಗಾಗಿ ಹಸಿರು ಕಂಡಾಗ ವೈರಸ್ ಆ ಜೀವಕೋಶಕ್ಕೆ ಆಗಷ್ಟೇ ಬಂದಿದೆ ಎನ್ನುವಂತಿಲ್ಲ, ಅದು ಅಲ್ಲಿ ಬೇರುಬಿಟ್ಟು ಬಹಳ ಹೊತ್ತಾಗಿರುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪಾಲಿಹೆಡ್ರಿನ್ ಹೋದರೆ ವೈರಸ್ಸನ್ನು ಕಾಪಾಡುವ ಹರಳೂ ಇಲ್ಲ, ಅದನ್ನು ಹುಳುವಿಗೆ ಸೂಜಿಯಿಂದಲೇ ಚುಚ್ಚಬೇಕು. ಹುಳದ ಮನೆಯಲ್ಲಿ ರೋಗ ಬರುವುದು ಹಿಪ್ಪುನೇರಳೆ ಸೊಪ್ಪಿನೊಂದಿಗೆ, ಬಾಯಿಯಿಂದ. ಬೆಳೆಗಾರನಿಗೆ ಬೇಕಾದ ಮೊದಲ ಹೆಜ್ಜೆಯೇ ಚಿತ್ರದಿಂದ ಬಿಟ್ಟುಹೋಗುತ್ತದೆ.

ಹಸಿರಿನ ಬದಲು ಕೆಂಪು ಹೊಳಪಿನ ಪ್ರೋಟೀನ್ ಬಳಸೋಣವೆಂದರೆ ಹುಳುವಿನ ಕರುಳೇ ಕೆಂಪಾಗಿ ಹೊಳೆಯುತ್ತದೆ. ಸೊಪ್ಪಿನ ಪತ್ರಹರಿತ್ತಿನಿಂದ ಬಂದ ವರ್ಣಕ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದು ಇದಕ್ಕೆ ಕಾರಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಬೇರೆ ಬೇರೆ ತಳಿಗಳಲ್ಲಿ ಈ ಪ್ರೋಟೀನುಗಳನ್ನು ಪರಿಶೀಲಿಸಿ, ಅವು ಇದೇ ವೈರಸ್ಸಿನ ವಿರುದ್ಧ ಕೆಲಸ ಮಾಡುತ್ತವೆಂದು ತೋರಿಸಿದರು. ಹುಳುವಿನ ಸ್ವಂತ ಹೊಳಪು ಅದರ ರಕ್ಷಣೆಯ ಭಾಗ. ಚಿತ್ರ ತೆಗೆಯುವವರು ಅದನ್ನು ಅಳಿಸಬೇಕಾದ ಅಡಚಣೆಯೆಂದು ಕಂಡರೆ ಹುಳುವಿನ ಅರ್ಧ ಕಥೆಯನ್ನೇ ಕಳೆದುಕೊಳ್ಳುತ್ತಾರೆ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಸಿಎಸ್ಆರ್2, ಸಿಎಸ್ಆರ್4ರಂಥ ತಳಿಗಳನ್ನು ಕೊಟ್ಟಿದೆ. ಸೋಂಕಿನ ಆರಂಭದಲ್ಲೇ ಹೊತ್ತಿಕೊಳ್ಳುವ, ಹರಳನ್ನೂ ಉಳಿಸಿಕೊಂಡ ಹಸಿರು ವೈರಸ್ಸನ್ನು ಸೊಪ್ಪಿನ ಮೂಲಕವೇ ಈ ತಳಿಗಳಿಗೂ ಹಳೆಯ ಮೈಸೂರು ತಳಿಗೂ ತಿನ್ನಿಸಿ, ಮುಚ್ಚಿದ ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ರೇಷ್ಮೆ ವಿಜ್ಞಾನಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.