‘ಮರುಬಳಕೆ ಕಿಣ್ವ’ ಮತ್ತು ಕರುಳಿನ ಕ್ಯಾನ್ಸರ್: ನಮ್ಮ ವಿವರಣೆ ಎಲ್ಲಿ ತಪ್ಪುತ್ತಿದೆ?

ಪ್ರೋಟೀನ್‌ಗಳನ್ನು ಮರುಬಳಕೆ ಮಾಡುವ ಕಿಣ್ವಗಳು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ನೆರವಾಗುತ್ತವೆ, ಅವನ್ನು ತಡೆದರೆ ಕ್ಯಾನ್ಸರ್ ನಿಲ್ಲುತ್ತದೆ ಎಂಬ ಬಗೆಯ ಬರಹಗಳನ್ನು ನೀವು ಓದಿರಬಹುದು. ಅವುಗಳಲ್ಲಿ ಜೀವಕೋಶವೊಂದು ಕಾರ್ಖಾನೆ; ಕಿಣ್ವ ಅದರ ಕಸ ವಿಲೇವಾರಿ ವಿಭಾಗ. ಹೋಲಿಕೆ ಸುಲಭವಾಗಿದೆ, ಆದರೆ ಮುಖ್ಯವಾದುದನ್ನೇ ಬಿಟ್ಟಿದೆ. ನಾನು ಭೌತವಿಜ್ಞಾನದ ಅಧ್ಯಾಪಕ; ನನ್ನ ಆಕ್ಷೇಪ ಲೆಕ್ಕಕ್ಕೆ ಸಂಬಂಧಿಸಿದ್ದು.

ಲೆಕ್ಕವನ್ನು ನಮ್ಮ ಅಟ್ಟದಿಂದಲೇ ಆರಂಭಿಸೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಹಲವು ತಿಂಗಳು ಅಟ್ಟದಲ್ಲಿಡುತ್ತಾರೆ. ತಿಂಗಳಿಗೆ 1000 ಕಾಯಿ ಅಟ್ಟ ಸೇರಿ, ಪ್ರತಿಯೊಂದೂ 10 ತಿಂಗಳು ಉಳಿದರೆ ಅಲ್ಲಿ ಸದಾ 10,000 ಕಾಯಿ ಇರುತ್ತವೆ. ಸುಲಿಯುವುದು ತಡವಾಗಿ 20 ತಿಂಗಳು ಉಳಿದರೆ, ಇಳುವರಿ ಒಂದು ಕಾಯಿಯಷ್ಟೂ ಹೆಚ್ಚದೆ, ಸಂಗ್ರಹ 20,000 ಆಗುತ್ತದೆ. ಸಂಗ್ರಹವೆಂದರೆ ಸೇರುವ ದರ ಮತ್ತು ಉಳಿಯುವ ಕಾಲಗಳ ಗುಣಲಬ್ಧ. ಕೋಶದಲ್ಲಿರುವ ಪ್ರೋಟೀನ್‌ಗೂ ಇದೇ ಸೂತ್ರ.

ಒಡೆಯಬೇಕಾದ ಪ್ರೋಟೀನ್‌ಗೆ ಕೋಶವು ಯೂಬಿಕ್ವಿಟಿನ್ ಎಂಬ ಕಿರು ಪ್ರೋಟೀನಿನ ಸರಪಣಿಯನ್ನು ಗುರುತಾಗಿ ಅಂಟಿಸುತ್ತದೆ. ಗುರುತು ಬಿದ್ದುದನ್ನು ಪ್ರೋಟಿಯಸೋಮ್ ತುಂಡರಿಸುತ್ತದೆ. ತುಂಡುಗಳು ಅಮೈನೋ ಆಮ್ಲಗಳಾಗಿ ಮರುಬಳಕೆಯಾಗುತ್ತವೆ. ಈ ವ್ಯವಸ್ಥೆಯ ಶೋಧಕ್ಕಾಗಿ ಚೆಕಾನೋವರ್, ಹೆರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಹೀಗೆ ನಾಶವಾಗುವುದೆಲ್ಲ ಕಸವಲ್ಲ. ಬೀಟಾ-ಕೆಟೆನಿನ್ ಕೋಶಕ್ಕೆ ಬೇಕಾದ ಪ್ರೋಟೀನೇ. ಬೆಳವಣಿಗೆಯ ಸಂಕೇತ ಇಲ್ಲದಾಗ ಅದು ನಾಶವಾಗುತ್ತಲೇ ಇರಬೇಕು. ಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಎಪಿಸಿ ಎಂಬ ಜೀನ್ ಕೆಟ್ಟಿರುವುದರಿಂದ ಅದಕ್ಕೆ ಗುರುತು ಸರಿಯಾಗಿ ಬೀಳುವುದಿಲ್ಲ. ಅದು ಉಳಿದು, ನ್ಯೂಕ್ಲಿಯಸ್ ಸೇರಿ, ಮಿಕ್ ಮುಂತಾದ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಮಿಕ್ ಪ್ರೋಟೀನಿನ ಅರ್ಧಾಯು ಸಾಮಾನ್ಯವಾಗಿ ಸುಮಾರು ಅರ್ಧ ಗಂಟೆ. ಯುಎಸ್‌ಪಿ28 ಎಂಬ ಕಿಣ್ವ ಅದರ ಗುರುತನ್ನು ಕಿತ್ತುಹಾಕಿ ಆಯಸ್ಸನ್ನು ಹೆಚ್ಚಿಸುತ್ತದೆ. ಅರ್ಧಾಯು ಇಮ್ಮಡಿಯಾದರೆ, ತಯಾರಿಕೆ ಹೆಚ್ಚದೆಯೇ ಮಿಕ್ ಇಮ್ಮಡಿ!

ಈಗ ನೋಡಿ: ಪ್ರೋಟಿಯಸೋಮ್ ಒಡೆಯುತ್ತದೆ, ಯುಎಸ್‌ಪಿ28 ಒಡೆಯದಂತೆ ಉಳಿಸುತ್ತದೆ. ಎರಡನ್ನೂ ‘ಮರುಬಳಕೆ ಕಿಣ್ವ’ ಎಂದು ಕರೆದು ‘ತಡೆದರೆ ಸಾಕು’ ಎಂದರೆ ಓದುಗನಿಗೆ ಏನು ತಿಳಿಯಿತು? ಪ್ರೋಟಿಯಸೋಮನ್ನು ತಡೆಯುವ ಬೋರ್ಟೆಜೋಮಿಬ್‌ಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಮಜ್ಜೆಯ ಕ್ಯಾನ್ಸರಾದ ಮೈಲೋಮಕ್ಕೆ. ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಪರೀಕ್ಷಿಸಿದಾಗ ಅದು ಫಲ ಕೊಡಲಿಲ್ಲ. ಇಲಿಗಳ ಕರುಳಿನಲ್ಲಿ ಯುಎಸ್‌ಪಿ28 ಇಲ್ಲದಂತೆ ಮಾಡಿದಾಗ ಗೆಡ್ಡೆಗಳು ಕಡಿಮೆಯಾದುದು 2014ರಲ್ಲಿ ವರದಿಯಾಯಿತು. ಅದು ಭರವಸೆಯ ಫಲಿತಾಂಶ. ಆದರೆ ಇಲಿಯ ಫಲಿತಾಂಶ.

ಇದು ಬರೀ ಶಬ್ದಗಳ ತಕರಾರಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಕಾಯುವವರು ನಮ್ಮ ನಡುವೆ ಇದ್ದಾರೆ. ‘ಮದ್ದು ಸಿಕ್ಕಿತು’ ಎಂಬ ಸುದ್ದಿ ಅವರನ್ನು ಇನ್ನಷ್ಟು ಕಾಯಿಸುತ್ತದೆ. ಕರುಳಿನ ಒಳಗೋಡೆಯ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ ಕಂಡರೆ ಅದನ್ನು ತೆಗೆದುಹಾಕಬಹುದು. ಬರಹಗಾರರು ಮೊದಲು ಹೇಳಬೇಕಾದ ಮಾತು ಇದು.

ಅಧ್ಯಾಪಕ ಮಿತ್ರರೇ, ಇಂಥ ಬರಹ ಕೈಗೆ ಬಂದಾಗ ತರಗತಿಯಲ್ಲಿ ಮೂರು ಪ್ರಶ್ನೆ ಕೇಳಿಸಿ: ಯಾವ ಕಿಣ್ವ? ಅದು ಯಾವ ಪ್ರೋಟೀನಿನ ಆಯಸ್ಸನ್ನು ಬದಲಿಸುತ್ತದೆ? ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ? ಉತ್ತರ ಬರಹದಲ್ಲಿ ಸಿಗದಿದ್ದರೆ, ತಪ್ಪು ವಿದ್ಯಾರ್ಥಿಯದಲ್ಲ.